9 ವರ್ಷದ ಮೆಥಡೋನ್ ಒಂದೇ ದಿನಕ್ಕೆ ನಿಲ್ಲಿಸಿಬಿಟ್ರೆ ಏನಾಗುತ್ತೆ?

ಪ್ರಶ್ನೆ: ಡಾಕ್ಟ್ರೇ, ನಮ್ಮಣ್ಣ ಹಿಂದೆ ಹೆರಾಯಿನ್ ಚಟಕ್ಕೆ ಬಿದ್ದಿದ್ದ. 9 ವರ್ಷದಿಂದ ಅದರ ಬದಲಿಗೆ ಕ್ಲಿನಿಕ್‌ನಲ್ಲಿ ಕೊಡೋ ಮೆಥಡೋನ್ ಔಷಧಿ ಮೇಲೆ ಇದಾನೆ, ದಿನಕ್ಕೆ 80 ಮಿಲಿಗ್ರಾಂ. ಕೆಲಸಕ್ಕೆ ಹೋಗ್ತಾನೆ, ಸಂಸಾರ ಇದೆ, ಎಲ್ಲಾ ಸರಿಯಾಗೇ ಇತ್ತು. ಅತ್ತಿಗೆ ಮನೆಯವರು "ಒಂದು ಚಟ ಬಿಟ್ಟು ಇನ್ನೊಂದು ಹಿಡ್ಕೊಂಡಿದಾನೆ" ಅಂತ ಆಡ್ಕೊಳ್ತಾರೆ ಅಂತ ಬೇಜಾರಾಗಿ ಮೊನ್ನೆಯಿಂದ ಒಮ್ಮೆಲೇ ನಿಲ್ಲಿಸಿಬಿಟ್ಟಿದಾನೆ, ಕ್ಲಿನಿಕ್‌ಗೂ ಹೇಳಿಲ್ಲ. ಇವತ್ತಿಗೆ 2 ದಿನ ಆಯ್ತು, ಸ್ವಲ್ಪ ಆಕಳಿಕೆ ಬಿಟ್ರೆ ಏನೂ ಇಲ್ಲ, "ನೋಡು, ಡಾಕ್ಟರುಗಳು ಸುಮ್ನೆ ಹೆದರಿಸ್ತಾರೆ" ಅಂತಾನೆ. ತಡ್ಕೊಳ್ಳೋಕೆ ಆಗ್ದೇ ಇದ್ರೆ ಕುಡಿಯೋಕೆ ಮನೇಲಿ ಮೆಥಡೋನ್ ಬಾಟಲಿ ಉಳಿದಿದೆಯಂತೆ. ನಿಜವಾಗ್ಲೂ ಅಪಾಯ ಇದೆಯಾ?

ಉತ್ತರ: ಇದೆಯಮ್ಮ. ಆದ್ರೆ ಅಪಾಯ ಎಲ್ಲಿದೆ ಅಂತ ನಿಮ್ಮಣ್ಣ ಅಂದ್ಕೊಂಡಿದಾರೋ ಅಲ್ಲಿಗಿಂತ ಹೆಚ್ಚಾಗಿ ಆ ಬಾಟಲೀಲಿ ಇದೆ, ಅದಕ್ಕೇ ಮೊದಲು ಅದರ ವಿಷಯ ಹೇಳಿಬಿಡ್ತೀನಿ, ಉಳಿದಿದ್ದು ಆಮೇಲೆ.

ನೀವು ಬರೆದಾಗ 2 ದಿನ ಆಗಿತ್ತು, ಇದನ್ನ ಓದೋ ಹೊತ್ತಿಗೆ ಎಷ್ಟು ದಿನ ಆಗಿರುತ್ತೋ. ಒಂದೆರಡು ದಿನ ತಪ್ಪಿದ್ರೆ ಸಾಮಾನ್ಯವಾಗಿ ಕ್ಲಿನಿಕ್‌ನವರು ನೋಡಿ ಅದೇ ಡೋಸ್ ಮುಂದುವರಿಸ್ತಾರೆ. ಸತತ 3 ದಿನ ತಪ್ತು ಅಂದ್ರೆ ಹಳೇ ಡೋಸ್ ಹಾಗೇ ಕೊಡೋಕೆ ಬಹುತೇಕ ಡಾಕ್ಟರುಗಳು ಹಿಂದೆಮುಂದೆ ನೋಡ್ತಾರೆ, ಕಡಿಮೆ ಮಾಡಿ ಕೊಡ್ತಾರೆ. 5 ದಿನ ದಾಟ್ತು ಅಂದ್ರೆ ಹೊಸ ಪೇಷಂಟ್ ಬಂದ ಹಾಗೇ ಲೆಕ್ಕ, ಪರೀಕ್ಷೆ ಮಾಡಿ 20-30 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ. ಯಾಕಪ್ಪಾ ಇಷ್ಟು ಹುಷಾರು ಅಂದ್ರೆ, ಒಪಿಯಾಯ್ಡ್ (ಹೆರಾಯಿನ್, ಮೆಥಡೋನ್ ಜಾತಿಯವು) ಅಭ್ಯಾಸವೇ ಇಲ್ಲದ ದೊಡ್ಡವರಿಗೆ 40-50 ಮಿಲಿಗ್ರಾಂ ಮೆಥಡೋನ್ ಕೂಡ ಜೀವ ತೆಗೀಬಹುದು. ನಿಮ್ಮಣ್ಣ 9 ವರ್ಷ 80 ಮಿಲಿಗ್ರಾಂ ಕುಡಿದು ಆರಾಮಾಗಿ ಕೆಲಸಕ್ಕೆ ಹೋಗ್ತಾ ಇದ್ದದ್ದು ಅವರ ಮೈ ಅದಕ್ಕೆ ಒಗ್ಗಿಹೋಗಿತ್ತು ಅಂತ, ಔಷಧಿ ಸೌಮ್ಯ ಅಂತ ಅಲ್ಲ. ಆ ಒಗ್ಗಿಕೊಂಡಿರೋದನ್ನ ನಾವು ಟಾಲರೆನ್ಸ್ ಅಂತೀವಿ. ಡೋಸ್ ನಿಂತ ದಿನದಿಂದ್ಲೇ ಅದು ಕರಗೋಕೆ ಶುರು, ಆದ್ರೆ ಎಷ್ಟು ಕರಗಿದೆ ಅಂತ ಹೊರಗಿಂದ ಗೊತ್ತಾಗಲ್ಲ, ಅಳೆಯೋಕೆ ರಕ್ತ ಪರೀಕ್ಷೇನೂ ಇಲ್ಲ. ಕೈಗೆ ಹಳೇ ಅಳತೆ ನೆನಪಿರುತ್ತೆ, ಉಸಿರಾಟ ನಡೆಸೋ ಮೆದುಳಿನ ಭಾಗಕ್ಕೆ ನೆನಪಿರಲ್ಲ. ಹಾಗಾಗಿ ಆ ಬಾಟಲಿ ಕ್ಲಿನಿಕ್‌ಗೆ ವಾಪಸ್ ಹೋಗ್ಬೇಕು, ಅಲ್ಲೀವರೆಗೂ ಬೀಗ ಹಾಕಿ ಇಡಿ. ಮನೇಲಿ ಮಕ್ಕಳಿದ್ರಂತೂ ಕೇಳ್ಲೇಬೇಡಿ, ಚಿಕ್ಕ ಮಗೂಗೆ ಒಂದೆರಡು ಗುಟುಕು ಸಾಕು.

ಈಗ ಆ 2 ದಿನದ ವಿಷಯಕ್ಕೆ ಬರೋಣ. ಹೆರಾಯಿನ್ ನಿಲ್ಲಿಸಿದ್ರೆ 6ರಿಂದ 12 ಗಂಟೇಲಿ ಮೂಗು ಸೋರೋಕೆ ಶುರುವಾಗುತ್ತೆ, ಎರಡು ಮೂರನೇ ದಿನ ಜೋರಾಗುತ್ತೆ, ವಾರದೊಳಗೆ ಬಹುಪಾಲು ಇಳಿಯುತ್ತೆ. ನಿಮ್ಮಣ್ಣಂಗೆ ಆ ಹಳೇ ಅನುಭವ ನೆನಪಿದೆ, ಅದೇ ಗಡಿಯಾರ ಇಟ್ಕೊಂಡು ಮೆಥಡೋನ್‌ನ ಅಳೀತಾ ಇದಾರೆ, "2 ದಿನ ಆಯ್ತು ಏನೂ ಆಗಿಲ್ಲ, ಹಾಗಾದ್ರೆ ಆಗೋದೇ ಇಲ್ಲ" ಅಂತ. ಮೆಥಡೋನ್ ಗಡಿಯಾರ ಬೇರೆ. ಇದು ಕೊಬ್ಬಲ್ಲಿ, ಲಿವರ್‌ನಲ್ಲಿ ಎಲ್ಲಾ ಹೋಗಿ ಸೇರ್ಕೊಂಡಿರುತ್ತೆ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳೀತಾ ಇರುತ್ತೆ. ಇದರ ಹಾಫ್ ಲೈಫ್, ಅಂದ್ರೆ ರಕ್ತದಲ್ಲಿರೋದು ಅರ್ಧ ಆಗೋಕೆ ಬೇಕಾದ ಟೈಮು, 8 ಗಂಟೆಯಿಂದ 59 ಗಂಟೆವರೆಗೂ ಇರಬಹುದು, ಒಬ್ಬೊಬ್ಬರ ಮೈಗೆ ಒಂದೊಂದು ಥರ. 30 ಗಂಟೆ ಅಂತ ಇಟ್ಕೊಳ್ಳಿ, 60 ಗಂಟೆ ಆದ್ಮೇಲೂ ಕಾಲು ಭಾಗ ಒಳಗೇ ಇರುತ್ತೆ. ಆ ಕಾಲು ಭಾಗವೇ ಈಗ ಅವರನ್ನ ಕಾಪಾಡ್ತಾ ಇರೋದು, ಅವರ ಗಟ್ಟಿ ಮನಸ್ಸಲ್ಲ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರಲ್ಲ, ಹಾಗೆ. ಸಾಮಾನ್ಯವಾಗಿ 24ರಿಂದ 48 ಗಂಟೇಲಿ ಆಕಳಿಕೆ, ಕಣ್ಣಲ್ಲಿ ನೀರು ಶುರುವಾಗುತ್ತೆ, ಮೂರನೇ ದಿನದ ಮೇಲೆ ಏರುತ್ತೆ, ಆ ವಾರ ಪೂರ್ತಿ ಕೆಟ್ಟದಾಗಿರುತ್ತೆ, ಇಳಿಯೋಕೆ 2-3 ವಾರ, ಕೆಲವರಿಗೆ ಅದಕ್ಕೂ ಜಾಸ್ತಿ. ಹೆರಾಯಿನ್‌ಗಿಂತ ಏಟು ಸ್ವಲ್ಪ ಮೆತ್ತಗೆ ಅಂತ ಹೇಳೋರಿದಾರೆ, ಆದ್ರೆ ಬಿಟ್ಟೂ ಬಿಡದ ಹಾಗೆ ಎಳೆಯೋದ್ರಲ್ಲಿ ಇದನ್ನ ಮೀರಿಸೋದು ಇನ್ನೊಂದಿಲ್ಲ, ಎರಡನ್ನೂ ಅನುಭವಿಸಿದೋರನ್ನ ಕೇಳಿದ್ರೆ ಬಹಳ ಜನ ಮೆಥಡೋನೇ ಕಷ್ಟ ಅಂತಾರೆ.

ಒಳಗೆ ಆಗೋದು ಇಷ್ಟು. ಮೆಥಡೋನ್ ಮೆದುಳಿನ ಒಪಿಯಾಯ್ಡ್ ರಿಸೆಪ್ಟರ್ (ಈ ಔಷಧಿಗಳು ಬಂದು ಹಿಡ್ಕೊಳ್ಳೋ ಜಾಗ) ಮೇಲೆ ಕೂತ್ಕೊಂಡು ನಾರ್ಅಡ್ರಿನಲಿನ್ ಅನ್ನೋ ರಾಸಾಯನಿಕ ಹೊರಡೋ ಜಾಗಾನ ಅದುಮಿ ಇಟ್ಟಿರುತ್ತೆ, ಅದುಮಿದಷ್ಟೂ ಆ ನರಗಳು ಒಳಗಿಂದ ಹೆಚ್ಚು ಹೆಚ್ಚು ತಳ್ಳೋದನ್ನ ಕಲೀತವೆ, ವರ್ಷಗಟ್ಟಲೆ. ಮೇಲಿನ ಭಾರ ಪಟ್ಟಂತ ತೆಗೆದ್ರೆ ತಳ್ತಾ ಇದ್ದದ್ದು ಒಮ್ಮೆಲೇ ನುಗ್ಗುತ್ತೆ. ಎದೆ ಬಡಿತ ಜೋರು, ಬಿಪಿ ಏರೋದು, ಬೆವರು, ಚಳಿ, ಮೈಯೆಲ್ಲಾ ಮುಳ್ಳೇಳೋದು, ಕಣ್ಣು ಪಾಪೆ ಅಗಲ ಆಗೋದು, ಕೂತಲ್ಲಿ ಕೂರೋಕಾಗದ ಚಡಪಡಿಕೆ, ರಾತ್ರಿ ಕಾಲು ತಾನೇ ಒದೆಯೋದು, ಮೂಳೆ ಒಳಗಿಂದ ನೋವು. ಇಷ್ಟು ದಿನ ಮಲಬದ್ಧತೆ ಅಂತ ಗೊಣಗ್ತಿದ್ದ ಹೊಟ್ಟೆ ಈಗ ಉಲ್ಟಾ ಹೊಡೆದು ಭೇದಿ, ವಾಂತಿ, ಹಿಂಡಿದಂಥ ನೋವು. ಇದರ ಮಧ್ಯೆ ನಿದ್ದೆ ಅನ್ನೋದು ಇರಲ್ಲ. ಒಂದು ರಾತ್ರಿ ಅಲ್ಲ, ರಾತ್ರಿ ಮೇಲೆ ರಾತ್ರಿ. ನನ್ನ ಹತ್ರ ಬಂದೋರಲ್ಲಿ ವಾಂತಿ ತಡ್ಕೊಂಡೋರಿದಾರೆ, ನೋವು ತಡ್ಕೊಂಡೋರಿದಾರೆ, ಆರನೇ ಏಳನೇ ರಾತ್ರಿ ನಿದ್ದೆ ಬರದೇ ಇದ್ದಾಗ ಸೋತೋರೇ ಹೆಚ್ಚು.

"ಒಪಿಯಾಯ್ಡ್ ವಿತ್‌ಡ್ರಾಯಲ್‌ನಿಂದ ಯಾರೂ ಸಾಯಲ್ಲ, ಸತ್ತಂಗೆ ಅನ್ಸುತ್ತೆ ಅಷ್ಟೇ" ಅಂತ ಒಂದು ಮಾತು ಚಾಲ್ತಿಯಲ್ಲಿದೆ (ವಿತ್‌ಡ್ರಾಯಲ್ ಅಂದ್ರೆ ನಿಲ್ಲಿಸಿದಾಗ ಆಗೋ ಈ ಒದ್ದಾಟ), ನಾವು ಓದೋವಾಗ್ಲೂ ಹಾಗೇ ಹೇಳ್ಕೊಟ್ಟಿದ್ರು. ಪೂರ್ತಿ ಸುಳ್ಳಲ್ಲ, ಮದ್ಯಪಾನ ಒಮ್ಮೆಲೇ ಬಿಟ್ಟಾಗ ಆಗೋ ಹಾಗೆ ಫಿಟ್ಸ್ ಬಂದು ಸಾಯೋದು ಸಾಮಾನ್ಯವಾಗಿ ಇಲ್ಲಿಲ್ಲ. ಆದ್ರೆ 2017ರಲ್ಲಿ ಅಡಿಕ್ಷನ್ ಅನ್ನೋ ಜರ್ನಲ್‌ನಲ್ಲಿ ಆಸ್ಟ್ರೇಲಿಯಾದ ಶೇನ್ ಡಾರ್ಕ್ ಮತ್ತು ಜೊತೆಗಾರರು ಇದೇ ಮಾತಿಗೆ ನೇರವಾಗಿ ಉತ್ತರ ಕೊಟ್ಟು ಬರೆದ್ರು, ಹೌದು ಸಾಯಬಹುದು ಅಂತ. ನಿಲ್ಲದ ವಾಂತಿ ಭೇದಿಯಿಂದ ಮೈ ನೀರು ಬತ್ತಿ, ರಕ್ತದಲ್ಲಿ ಸೋಡಿಯಂ ಏರಿ, ಹೃದಯ ಕೈಕೊಟ್ಟ ಪ್ರಕರಣಗಳು ಅವು, ಹೆಚ್ಚಿನವು ಜೈಲಲ್ಲಿ ಯಾರೂ ಗಮನ ಕೊಡದೇ ಇದ್ದಾಗ ಆದವು. ಅಂದ್ರೆ ನೀರು, ಲವಣ, ಬೇಕಾದ್ರೆ ಡ್ರಿಪ್, ಇಷ್ಟು ಸಿಕ್ಕಿದ್ರೆ ತಪ್ಪಿಸಬಹುದಾಗಿದ್ದ ಸಾವುಗಳು. ಹಾಗಾಗಿ ನಿಮ್ಮಣ್ಣಂಗೆ ವಾಂತಿ ಭೇದಿ ಹತ್ಕೊಂಡ್ರೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡ್ತಾ ಇರಿ, ಕುಡಿದಿದ್ದು ನಿಲ್ತಾ ಇಲ್ಲ, ಮೂತ್ರ ಹೋಗ್ತಾ ಇಲ್ಲ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ, ಮಾತು ಅಡ್ಡಾದಿಡ್ಡಿ ಆಗ್ತಿದೆ, ಎದೆ ನೋವು ಅಂತಾರೆ ಅಂದ್ರೆ ಬೆಳಗಾಗೋವರೆಗೂ ಕಾಯಬೇಡಿ, ಆಸ್ಪತ್ರೆ. ಹೃದ್ರೋಗ, ಶುಗರ್, ಕಿಡ್ನಿ ತೊಂದರೆ ಇರೋರಿಗೆ ಇನ್ನೂ ಬೇಗ.

ಆದ್ರೂ ಇದು ಅಪರೂಪ. ಮೆಥಡೋನ್ ಬಿಟ್ಟೋರನ್ನ ಜಾಸ್ತಿ ಕೊಲ್ಲೋದು ವಿತ್‌ಡ್ರಾಯಲ್ ಅಲ್ಲ, ಅದಾದ್ಮೇಲೆ ಬರೋ ಒಂದೇ ಒಂದು ಸಲದ ಬಳಕೆ. ಇದು ಹೇಗೆ ಆಗುತ್ತೆ ಅಂದ್ರೆ, ಎರಡು ವಾರ ನರಳಿ, ನಿದ್ದೆ ಇಲ್ದೇ, ಹಳೇ ಸ್ನೇಹಿತ ಯಾರೋ ಸಿಕ್ಕಿ ಅಥವಾ ಮೊಬೈಲಲ್ಲಿ ಹಳೇ ನಂಬರ್ ಕಂಡು, ಒಂದೇ ಸಲ ಅಂತ ಹಳೇ ಅಳತೇಲಿ ತಗೋತಾರೆ, ಆ ಅಳತೆ ಈಗ ಅವರ ಮೈಗೆ ಹೊಸಬರಿಗೆ ಕೊಟ್ಟಷ್ಟೇ ಜೋರು. 9 ವರ್ಷದಲ್ಲಿ ಹೊರಗೆ ಸಿಗೋ ಸರಕೂ ಬದಲಾಗಿದೆ, ಜಗತ್ತಿನ ಎಷ್ಟೋ ಕಡೆ ಹೆರಾಯಿನ್ ಅಂತ ಮಾರೋದ್ರಲ್ಲಿ ಫೆಂಟನಿಲ್ ಬೆರೆತಿರುತ್ತೆ, ಅದು ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಜೋರು, ನಿಮ್ಮಣ್ಣನ ಕಾಲದ ಲೆಕ್ಕ ಅಲ್ಲಿ ನಡೆಯಲ್ಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 19 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದ ಒಂದು ವರದಿ ಬಂತು, ಮೆಥಡೋನ್ ತಗೊಂಡ 1 ಲಕ್ಷದ 22 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿದೆ. ಸಾವಿರ ಜನರನ್ನ ಒಂದು ವರ್ಷ ನೋಡಿದ್ರೆ, ಮೆಥಡೋನ್ ಮೇಲಿದ್ದಾಗ ಎಲ್ಲಾ ಕಾರಣ ಸೇರಿ 11.3 ಸಾವು, ಬಿಟ್ಟ ಮೇಲೆ 36.1. ಬರೀ ಓವರ್‌ಡೋಸ್ ತಗೊಂಡ್ರೆ 2.6 ಇದ್ದದ್ದು 12.7. ಬಿಟ್ಟ ಮೊದಲ 4 ವಾರ ತುಂಬಾ ಕೆಟ್ಟವು. ಇನ್ನೊಂದು ಕಡೆಯಿಂದ ನೋಡಿದ್ರೂ ಇದೇ ಕಾಣುತ್ತೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಹೊರಬಂದೋರ ಬಗ್ಗೆ 2007ರಲ್ಲಿ ಬಂದ ಅಧ್ಯಯನದಲ್ಲಿ ಬಿಡುಗಡೆ ಆದ ಮೊದಲ 2 ವಾರದಲ್ಲಿ ಡ್ರಗ್ ಓವರ್‌ಡೋಸ್‌ನಿಂದ ಸಾಯೋ ಅಪಾಯ ಅಲ್ಲಿನ ಬೇರೆ ಜನರಿಗಿಂತ 129 ಪಟ್ಟು. ಅವರೆಲ್ಲಾ ಮೆಥಡೋನ್ ಬಿಟ್ಟೋರು ಅಂತಲ್ಲ, ಆದ್ರೆ ಕತೆ ಅದೇನೇ, ಒಳಗಿದ್ದಾಗ ಟಾಲರೆನ್ಸ್ ಹೋಯ್ತು, ಆಸೆ ಹೋಗಿರಲಿಲ್ಲ.

"ಅಣ್ಣ ಅಂಥವನಲ್ಲ, ಮತ್ತೆ ಮುಟ್ಟಲ್ಲ" ಅಂತ ನೀವು ಅನ್ಕೋಬಹುದು. ಇರಬಹುದಮ್ಮ. ಆದ್ರೆ ಈ ಲೆಕ್ಕದಲ್ಲಿ ಸತ್ತೋರ ಮನೆಯವರೂ ಹಾಗೇ ಅನ್ಕೊಂಡಿದ್ರು, ಸತ್ತೋರೂ ಹಾಗೇ ಅನ್ಕೊಂಡಿದ್ರು.

ಮನಸ್ಸಿನ ವಿಷಯ ಒಂದು. ಮೈ ಸರಿ ಹೋದ್ಮೇಲೂ ತಿಂಗಳುಗಟ್ಟಲೆ ನಿದ್ದೆ ಕೆಡೋದು, ಯಾವುದರಲ್ಲೂ ರುಚಿ ಇಲ್ಲದ ಹಾಗೆ ಆಗೋದು, ಸಣ್ಣದಕ್ಕೂ ಸಿಡಿಯೋದು ಇರುತ್ತೆ. ಹಳೇ ಖಿನ್ನತೆ, ಹಳೇ ಆಘಾತ ಏನಾದ್ರೂ ಇದ್ರೆ ಅದು ಮತ್ತೆ ಮೇಲೆ ಬರುತ್ತೆ. "ಬದುಕಿ ಏನು" ಅನ್ನೋ ಥರ ಮಾತು ಬಂದ್ರೆ ನೇರವಾಗೇ ಕೇಳಿ, ಸಾಯೋ ಯೋಚನೆ ಬರ್ತಿದೆಯಾ ಅಂತ. ಕೇಳಿದ್ರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತೆ ಅನ್ನೋದು ತಪ್ಪು, ಕೇಳಿ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ, ಆವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಇದನ್ನ ಓದ್ತಿರೋ ಬೇರೆಯವರಿಗೂ ಒಂದೆರಡು ಮಾತು. ಗರ್ಭಿಣಿಯರು ಮೆಥಡೋನ್ ಮೇಲಿದ್ರೆ "ಮಗೂಗೋಸ್ಕರ" ಅಂತ ಒಮ್ಮೆಲೇ ಬಿಡೋದು ಮಗೂಗೇ ಅಪಾಯ, ಗರ್ಭಪಾತ ಆಗಬಹುದು, ದಿನ ತುಂಬೋ ಮೊದಲೇ ನೋವು ಬರಬಹುದು, ತಾಯಿ ವಿತ್‌ಡ್ರಾಯಲ್‌ನಲ್ಲಿದ್ರೆ ಹೊಟ್ಟೇಲಿರೋ ಮಗೂಗೂ ಅದೇ ಒದ್ದಾಟ. ಕೊನೇ ತಿಂಗಳುಗಳಲ್ಲಿ ಎಷ್ಟೋ ಸಲ ನಾವು ಡೋಸ್ ಏರಿಸ್ಬೇಕಾಗುತ್ತೆ. ಇನ್ನು, ಮೆಥಡೋನ್‌ನಿಂದ ಮುಟ್ಟು ನಿಂತಿದ್ದೋರಿಗೆ ಬಿಟ್ಟ ಮೇಲೆ ಮತ್ತೆ ಶುರುವಾಗುತ್ತೆ, ಮಕ್ಕಳಾಗಲ್ಲ ಅಂದ್ಕೊಂಡು ಇದ್ದೋರಿಗೆ ಗರ್ಭ ನಿಂತಿರೋದೂ ಉಂಟು.

ತಾವಾಗಿ ಡೋಸ್ ನಿಲ್ಲಿಸದೇ ಇದ್ರೂ "ಒಮ್ಮೆಲೇ ನಿಲ್ಲಿಸಿದ" ಹಾಗೆ ಆಗೋದೂ ಇದೆ, ಇದು ಡಾಕ್ಟರುಗಳಿಗೂ ಎಷ್ಟೋ ಸಲ ಹೊಳೆಯಲ್ಲ. ನನ್ನ ಹತ್ರ ಬರ್ತಿದ್ದ ಒಬ್ಬರು ಒಂದಿನವೂ ಡೋಸ್ ತಪ್ಪಿಸಿದೋರಲ್ಲ, ಬಂದು ಮೂಗು ಸೋರ್ತಾ ಬೆವರ್ತಾ ಕೂತಿದ್ರು, ಸ್ಟಾಫ್‌ಗೆಲ್ಲಾ ಅನುಮಾನ, ಔಷಧಿ ಮಾರ್ಕೊಳ್ತಿದಾರೆ ಅಂತ. ಕೇಳಿದ್ರೆ ಟಿಬಿ ಬಂದು ಎರಡು ವಾರದ ಹಿಂದೆ ರಿಫಾಂಪಿಸಿನ್ ಶುರು ಮಾಡಿದ್ರಂತೆ. ರಿಫಾಂಪಿಸಿನ್ ಲಿವರ್‌ಗೆ ಮೆಥಡೋನ್‌ನ ಬೇಗ ಬೇಗ ಒಡೆದು ಹಾಕೋದನ್ನ ಕಲಿಸುತ್ತೆ, ಕುಡಿದಿದ್ದು ಅಷ್ಟೇ, ರಕ್ತದಲ್ಲಿ ಉಳಿಯೋದು ಅರ್ಧಂಬರ್ಧ. ಫಿಟ್ಸ್ ಮಾತ್ರೆಗಳಾದ ಫೆನಿಟಾಯಿನ್, ಕಾರ್ಬಮಝೆಪಿನ್, ಎಚ್‌ಐವಿಗೆ ಕೊಡೋ ಎಫಾವಿರೆಂಝ್, ನೆವಿರಪಿನ್ ಇವೂ ಹಾಗೇ. ಟಿಬಿ ಕೋರ್ಸ್ ಮುಗಿದ ಮೇಲೆ ಇದು ತಿರುಗುಮುರುಗು, ಏರಿಸಿದ್ದ ಮೆಥಡೋನ್ ಇಳಿಸದೇ ಇದ್ರೆ ಜಾಸ್ತಿಯಾಗಿ ಅಪಾಯ. ಪೆಂಟಝೋಸಿನ್, ಬ್ಯುಟಾರ್ಫನಾಲ್ ಅನ್ನೋ ನೋವಿನ ಇಂಜೆಕ್ಷನ್‌ಗಳು ಇನ್ನೊಂದು, ಮೆಥಡೋನ್ ಮೇಲಿರೋರಿಗೆ ಅವನ್ನ ಚುಚ್ಚಿದ್ರೆ ನಿಮಿಷಗಳಲ್ಲೇ ವಿತ್‌ಡ್ರಾಯಲ್. ಎಲ್ಲಿ ಹೋದ್ರೂ, ಹಲ್ಲು ಕೀಳಿಸೋಕೆ ಹೋದ್ರೂ, ನಾನು ಮೆಥಡೋನ್ ಮೇಲಿದೀನಿ ಅಂತ ಹೇಳ್ಬೇಕು ಅನ್ನೋದು ಇದಕ್ಕೇ.

ಮನೇಲೇ ವೈದ್ಯ ಮಾಡ್ಕೊಳ್ಳೋ ಪ್ರಯತ್ನಗಳ ಬಗ್ಗೆ ಎಚ್ಚರಿಕೆ ಕೊಡ್ಲೇಬೇಕು. ಭೇದಿಗೆ ಲೋಪೆರಮೈಡ್ ಒಂದೆರಡು ಮಾತ್ರೆ ಪರವಾಗಿಲ್ಲ, ಆದ್ರೆ ಅದೂ ಒಪಿಯಾಯ್ಡ್ ಜಾತೀದೇ ಅಂತ ಎಲ್ಲೋ ಓದಿ ಹಿಡಿ ಹಿಡಿ ನುಂಗೋರಿದಾರೆ, ಅಷ್ಟು ತಗೊಂಡ್ರೆ ಹೃದಯದ ಲಯ ತಪ್ಪಿ ಪ್ರಾಣ ಹೋಗಬಹುದು. ನಿದ್ದೆಗೆ ಅಂತ ಆಲ್ಪ್ರಝೋಲಾಮ್, ಡಯಾಝೆಪಾಮ್, ಜೊತೆಗೆ ಎಣ್ಣೆ, ಇವು ಒಂದೊಂದೇ ಆದ್ರೆ ಒಂದು ಮಾತು, ಇದರ ಮೇಲೆ ಸೋತು ಮೆಥಡೋನ್ ಕುಡಿದ್ರೆ ಉಸಿರು ನಿಲ್ಲಿಸೋ ಜೋಡಿ. ಕ್ಲೋನಿಡಿನ್ ನಿಜವಾಗ್ಲೂ ಬೆವರು ಚಡಪಡಿಕೆಗೆ ಕೆಲಸ ಮಾಡುತ್ತೆ, ನಾವೂ ಕೊಡ್ತೀವಿ, ಆದ್ರೆ ಬಿಪಿ ಕುಸಿಯುತ್ತೆ, ವಾಂತಿ ಭೇದಿಯಿಂದ ಮೊದಲೇ ಒಣಗಿರೋರಿಗೆ ಬಿಪಿ ನೋಡದೇ ಕೊಡೋ ಔಷಧಿ ಅಲ್ಲ. "3 ದಿನದಲ್ಲಿ ಕ್ಲೀನ್" ಅಂತ ನಾಲ್‌ಟ್ರೆಕ್ಸೋನ್ ಅನ್ನೋ ಒಪಿಯಾಯ್ಡ್ ತಡೆಯೋ ಔಷಧಿ ಕೊಡೋರಿದ್ರೆ ಅಲ್ಲಿಂದ ಎದ್ದು ಬನ್ನಿ. ಕೊನೇ ಮೆಥಡೋನ್ ಆಗಿ 7-10 ದಿನ, ಕೆಲವರಿಗೆ ಎರಡು ವಾರದ ತನಕ ಆಗದೇ ಅದನ್ನ ಕೊಟ್ರೆ ಮೈಯಲ್ಲಿ ಉಳಿದಿರೋ ಮೆಥಡೋನ್‌ನ ರಿಸೆಪ್ಟರ್‌ನಿಂದ ಕಿತ್ತು ಎಸೆಯುತ್ತೆ, ವಾರದಲ್ಲಿ ಬರೋ ನರಕ ಒಂದು ಗಂಟೇಲಿ ಬರುತ್ತೆ.

ಹಾಗಾದ್ರೆ ಬಿಡೋಕೇ ಆಗಲ್ವಾ? ಆಗುತ್ತೆ, ಬಿಟ್ಟೋರನ್ನ ನೋಡಿದೀನಿ. 9 ವರ್ಷ ನೆಟ್ಟಗೆ ಬದುಕಿರೋ ನಿಮ್ಮಣ್ಣಂಗೆ ಬಿಡೋ ಆಸೆ ಬಂದಿರೋದು ತಪ್ಪೂ ಅಲ್ಲ, ಬೆವರು, ತೂಕ, ಹಲ್ಲು ಹಾಳಾಗೋದು, ದಿನಾ ಕ್ಲಿನಿಕ್ ಕ್ಯೂ, ಯಾರಿಗೆ ಬೇಜಾರಾಗಲ್ಲ ಹೇಳಿ. ಇಳಿಸೋ ರೀತಿ ಬೇರೆ ಅಷ್ಟೇ. ಒಂದೆರಡು ವಾರಕ್ಕೊಮ್ಮೆ ಆಗ ಇರೋ ಡೋಸ್‌ನ 5ರಿಂದ 10 ಪರ್ಸೆಂಟ್ ಇಳಿಸ್ತೀವಿ. 10 ಪರ್ಸೆಂಟ್ ಲೆಕ್ಕದಲ್ಲಿ 80ರಿಂದ 20ಕ್ಕೆ ಬರೋಕೇ 13 ಸಲ ಇಳಿಸ್ಬೇಕು, ಎರಡು ವಾರಕ್ಕೊಂದು ಸಲ ಅಂದ್ರೆ ಅರ್ಧ ವರ್ಷ. ಆಮೇಲೆ ಇನ್ನೂ ನಿಧಾನ. ಜನ ಇಲ್ಲೇ ಎಡವೋದು, 80ರಿಂದ 75ಕ್ಕೆ ಬಂದಾಗ ಗೊತ್ತೇ ಆಗಲಿಲ್ಲ ಅಂತ ಅದೇ 5 ಮಿಲಿಗ್ರಾಂ ಹೆಜ್ಜೇಲಿ ಕೆಳಗಿಳೀತಾರೆ, 10ರಿಂದ 5ಕ್ಕೆ ಬಂದಾಗ ಅದು ಒಂದೇ ಏಟಿಗೆ ಅರ್ಧ ಕಡಿದ ಹಾಗೆ ಅಂತ ಮರೀತಾರೆ. ಕೊನೇ 20 ಮಿಲಿಗ್ರಾಂಗೆ ಮೊದಲ 60ಕ್ಕೆ ಹಿಡಿದಷ್ಟೇ ಟೈಮ್ ಹಿಡಿದ್ರೆ ಆಶ್ಚರ್ಯ ಇಲ್ಲ. ಮಧ್ಯೆ ಕೆಲಸದಲ್ಲಿ ಒತ್ತಡ ಬಂತು, ಮನೇಲಿ ಸಾವು ನೋವಾಯ್ತು ಅಂದ್ರೆ ಅಲ್ಲೇ ನಿಲ್ಲಿಸಿ, ಒಂದೆರಡು ತಿಂಗಳು ಅದೇ ಡೋಸ್‌ನಲ್ಲಿರಿ, ಬೇಕಾದ್ರೆ ಒಂದು ಮೆಟ್ಟಿಲು ಮೇಲೇರಿ, ಅದು ಸೋಲಲ್ಲ. ಇನ್ನೊಂದು ದಾರಿ ಬುಪ್ರೆನಾರ್ಫಿನ್ ಅನ್ನೋ ಇದೇ ಕೆಲಸದ ಬೇರೆ ಔಷಧಿಗೆ ಬದಲಾಯಿಸ್ಕೊಳ್ಳೋದು, ಅದನ್ನ ಬಿಡೋದು ಕೆಲವರಿಗೆ ಸುಲಭ ಅನ್ಸುತ್ತೆ, ಆದ್ರೆ ಬದಲಾವಣೆಯನ್ನ ಡಾಕ್ಟರೇ ಮಾಡಿಸ್ಬೇಕು, ಮೆಥಡೋನ್ ಇನ್ನೂ ಮೈಯಲ್ಲಿರೋವಾಗ ತಪ್ಪು ಹೊತ್ತಲ್ಲಿ ಅದನ್ನ ನಾಲಿಗೆ ಕೆಳಗೆ ಇಟ್ಕೊಂಡ್ರೆ ಅದೂ ಕಿತ್ತು ಎಸೆಯೋ ಪೈಕಿನೇ. ಇಸಿಜಿಯಲ್ಲಿ ಕ್ಯೂಟಿ (ಹೃದಯ ಒಂದು ಬಡಿತ ಮುಗಿಸಿ ಸುಧಾರಿಸ್ಕೊಳ್ಳೋ ಸಮಯ) ಉದ್ದ ಆಗಿದೆ ಅಂತ ಯಾರಾದ್ರೂ ಹೆದರಿಸಿ ನಿಲ್ಲಿಸಿ ಅಂದಿದ್ರೂ ಇದೇ ಮಾತು, ಕ್ಲಿನಿಕ್ ಜೊತೆ ಮಾತಾಡಿ ಇಳಿಸೋದು ಇಲ್ಲಾ ಬದಲಾಯಿಸೋದು.

ಅತ್ತಿಗೆ ಮನೆಯವರ ಮಾತಿಗೆ ನನ್ನ ಉತ್ತರ ಚಿಕ್ಕದು. ನ್ಯೂಯಾರ್ಕಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ 1964ರಲ್ಲಿ ಈ ಚಿಕಿತ್ಸೆ ಶುರು ಮಾಡಿದಾಗಿಂದ್ಲೂ ಇದೇ ಮಾತು ಇದೆ. ಹೆರಾಯಿನ್ ದಿನಕ್ಕೆ ಮೂರು ನಾಲ್ಕು ಸಲ ಏರಿಸಿ ಬೀಳಿಸುತ್ತೆ, ಮನುಷ್ಯ ಇಡೀ ದಿನ ಮುಂದಿನ ಡೋಸ್ ಹುಡುಕೋದೇ ಕೆಲಸ. ಮೆಥಡೋನ್ ದಿನಕ್ಕೆ ಒಂದು ಸಲ, ಸಮತಟ್ಟಾಗಿ, ಉಳಿದ 23 ಗಂಟೆ ಬದುಕೋಕೆ. ಮೈ ಅದಕ್ಕೆ ಒಗ್ಗಿದೆ ನಿಜ, ಬಿಪಿ ಮಾತ್ರೆಗೂ ಒಗ್ಗುತ್ತೆ, ಅದನ್ನ ಯಾರೂ ಚಟ ಅನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ, ಸುಮ್ನೆ ಅಲ್ಲ. ನಿಮ್ಮಣ್ಣ ಬಿಡೋದಾದ್ರೆ ತಮಗೋಸ್ಕರ ಬಿಡ್ಲಿ, ಆಡ್ಕೊಳ್ಳೋರಿಗೋಸ್ಕರ ಬಿಟ್ಟೋರು ಬೇಗ ವಾಪಸ್ ಬರ್ತಾರೆ, ಎಷ್ಟೋ ಸಲ ಕೆಟ್ಟ ಸ್ಥಿತೀಲಿ.

ಈಗ ಮಾಡ್ಬೇಕಾದ್ದು, ಕ್ಲಿನಿಕ್‌ಗೆ ಫೋನ್ ಮಾಡಿ. ಬೈತಾರೆ ಅಂತ ಅಣ್ಣ ಹೆದರಿದ್ರೆ ನೀವೇ ಮಾಡಿ, ಕೊನೇ ಡೋಸ್ ಯಾವ ದಿನ ಎಷ್ಟು ಹೊತ್ತಿಗೆ, ಎಷ್ಟು ಮಿಲಿಗ್ರಾಂ, ಆಮೇಲೆ ಬೇರೆ ಏನಾದ್ರೂ ತಗೊಂಡಿದಾರಾ ಅಂತ ಸುಳ್ಳು ಹೇಳದೇ ಹೇಳಿ. ಒಂದು ದಿನ ಕಡಿಮೆ ಹೇಳಿದ್ರೆ ಹಳೇ ಡೋಸ್ ಕೊಟ್ಟುಬಿಡ್ತಾರೆ ಅಂತ ಲೆಕ್ಕ ಹಾಕೋರನ್ನ ನೋಡಿದೀನಿ, ಆ ಒಂದು ದಿನದ ಸುಳ್ಳು ತುಂಬಾ ದುಬಾರಿ. ನಲಾಕ್ಸೋನ್ (ಓವರ್‌ಡೋಸ್ ಆದಾಗ ಒಪಿಯಾಯ್ಡ್ ಪರಿಣಾಮ ತಡೆಯೋ ಔಷಧಿ) ಸಿಗೋ ಹಾಗಿದ್ರೆ ಕೇಳಿ ತಗೊಂಡು ಮನೇಲಿಟ್ಕೊಳ್ಳಿ, ಅಣ್ಣಂಗೆ ಅವಮಾನ ಆಗುತ್ತೆ ಅಂತ ಬಿಡಬೇಡಿ. ಮುಂದೆ ಯಾವಾಗಾದ್ರೂ ಕರೆದ್ರೆ ಏಳ್ತಾ ಇಲ್ಲ, ವಿಚಿತ್ರವಾಗಿ ಗೊರಕೆ ಅಥವಾ ಗೊರಗೊರ ಸದ್ದು, ತುಟಿ ಉಗುರು ನೀಲಿ, ಪಾಪೆ ಸೂಜಿಮೊನೆ ಅಷ್ಟು ಅಂದ್ರೆ ನಿದ್ದೆ ಮಾಡ್ತಿದಾರೆ ಅಂತ ಹೊದಿಸಿ ಬರಬೇಡಿ, ಆಂಬುಲೆನ್ಸ್‌ಗೆ ಹೇಳಿ, ನಲಾಕ್ಸೋನ್ ಕೊಡಿ, ಉಸಿರಿಲ್ಲ ಅಂದ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಉಸಿರಾಡ್ತಿದ್ರೆ ಒಂದು ಮಗ್ಗುಲಿಗೆ ಮಲಗಿಸಿ. ನಲಾಕ್ಸೋನ್ ಕೆಲಸ ಮಾಡೋದು 30ರಿಂದ 90 ನಿಮಿಷ, ಮೆಥಡೋನ್ ಒಂದು ದಿನದ ಮೇಲೂ ಇರುತ್ತೆ, ಹಾಗಾಗಿ ಎದ್ದು ಕೂತು "ನಂಗೇನಾಗಿಲ್ಲ, ಆಸ್ಪತ್ರೆ ಬೇಡ" ಅಂದ್ರೂ ಕರ್ಕೊಂಡು ಹೋಗ್ಲೇಬೇಕು.